ಫರಸಿ ರಾಮುಲು ಅಳೆದ ಹಾಸಿಗೆ

ಯಾಲಾಲ್ ಸುತ್ತಿನ ಹಳ್ಳಿಗಳಲ್ಲಿ ಫರಸಿ ರಾಮುಲು ಎಂದರೆ ಗೊತ್ತಿಲ್ಲದವರಿಲ್ಲ. ತಾಂಡೂರಿನ ಫರಸಿ ಕಲ್ಲನ್ನು ನೆಲಕ್ಕೆ ಹಾಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಊರು ಹೇಳುತ್ತದೆ. ಊರು ಹೇಳುವುದನ್ನು ಮರೆತರೆ ಅವನೇ ಹೇಳುತ್ತಾನೆ. ಯಾರ ಮನೆಗೆ ಹೋಗಲಿ, ಕೊಟ್ಟ ನೀರು ಕುಡಿಯುವ ಮೊದಲು ಬಗ್ಗಿ ನೆಲ ನೋಡುತ್ತಾನೆ. ಒಂದು ಮದುವೆ ಮನೆಯಲ್ಲಿ ತುಂಬಿದ ಪಂಗ್ತಿಯ ನಡುವೆ ಕೂತು, ಈ ನೆಲ ಯಾರು ಹಾಸಿದ್ದು, ಸಾರು ಚೆಲ್ಲಿದರೆ ಸೀದಾ ಬೀಗರ ತೊಡೆಗೆ ಹೋಗುತ್ತದಲ್ಲ ಎಂದು ಕೇಳಿ, ಮನೆ ಯಜಮಾನನ ಹತ್ತಿರ ಉಗಿಸಿಕೊಂಡು ಬಂದ ಪುಣ್ಯಾತ್ಮ ಅವನು. ಅಂಥವನು ಎರಡು ಗೇಣಿನ ಕೂಸಿನ ಹಾಸಿಗೆ ಅಳೆಯುವಾಗ ಎಡವಿದ. ಅದೂ ಎಂಥ ಎಡವಟ್ಟು ಅಂತೀರಿ, ಕಲ್ಲು ಹಾಸುವವನು ಮಾತ್ರ ಮಾಡಬಹುದಾದಂಥದ್ದು.

ಕೂಸು ಅವನ ಮಗ ಜೈಪಾಲನದು. ದಿನ ತುಂಬುವ ಮೊದಲೇ, ಯಾರೂ ತಯಾರಿಲ್ಲದ ಹೊತ್ತಿನಲ್ಲಿ ಹುಟ್ಟಿಬಿಟ್ಟಿತ್ತು. ಹೆಣ್ಣು ಕೂಸು. ತಾಂಡೂರಿನ ದೊಡ್ಡಾಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ವಾರಗಟ್ಟಲೆ ಮಲಗಿತ್ತು. ಸೊಸೆ ಮೌನಿಕಾ ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ. ಅಜ್ಜಿ ಬಾಲಮಣಿ ಗಾಜಿನಾಚೆಯಿಂದ ನೋಡಿ ಬಂದು, ಗುಬ್ಬಿ ಮರಿ ಇದ್ದಂಗ ಅದ ಎಂದು ಅತ್ತಿದ್ದಳು. ಕೇರಿಯ ಹೆಂಗಸರೆಲ್ಲ ಸರದಿಯ ಮೇಲೆ ಹೋಗಿ ನೋಡಿ ಬಂದರು. ಹೋಗದೆ ಉಳಿದವನು ರಾಮುಲು ಒಬ್ಬನೇ. ತಾಂಡೂರಿಗೆ ದಿನಾ ಕೆಲಸಕ್ಕೆ ಹೋಗುತ್ತಿದ್ದ, ಆಸ್ಪತ್ರೆಯ ಗೇಟಿನವರೆಗೂ ಬುತ್ತಿ ತಲುಪಿಸುತ್ತಿದ್ದ, ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಬಾಲಮಣಿ ಬೈದಳು, ಮುನಿಸಿಕೊಂಡಳು, ಇವನೇನು ಗಂಡಸೋ ಕಲ್ಲಿನ ಗುಂಡೋ ಎಂದು ಕೇರಿಗೆಲ್ಲ ಹೇಳಿಕೊಂಡು ಬಂದಳು. ಅವನದು ಒಂದೇ ಮಾತು, ಕೂಸು ಮನೆಗೆ ಬರಲಿ, ಆಮೇಲೆ ನೋಡುತ್ತೇನೆ.

ಅವನು ಹಾಗೆ ಮಾಡುತ್ತಿದ್ದುದು ಕಲ್ಲು ಮನಸ್ಸಿನಿಂದಲ್ಲ. ಇದಕ್ಕೂ ಮೊದಲು ಮೌನಿಕಾಳಿಗೆ ಒಂದು ಗಂಡು ಕೂಸಾಗಿತ್ತು. ಒಂದು ರಾತ್ರಿಯೂ ಪೂರ್ತಿ ಉಳಿಯಲಿಲ್ಲ. ಅಂಥ ಕೂಸನ್ನು ಹೆತ್ತ ತಂದೆ ಎತ್ತಬಾರದು ಎಂದು ಹಿರಿಯರು ಹೇಳಿದ್ದರಿಂದ ರಾಮುಲುವೇ ಎತ್ತಿಕೊಂಡ. ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ, ಹೊಲದ ಬದುವಿನಲ್ಲಿ ತಾನೇ ಕುಣಿ ತೋಡಿದ. ಅಷ್ಟು ಮಾಡಿದ್ದರೆ ಮರೆಯುತ್ತಿದ್ದನೋ ಏನೋ. ಆದರೆ ಆ ಹಾಳು ಕೈ ತನ್ನ ಚಾಳಿ ಬಿಡಲಿಲ್ಲ. ಕುಣಿಯ ತಳವನ್ನು ಅಂಗೈಯಿಂದ ಸವರಿ ಮಟ್ಟ ಮಾಡಿತು, ಮೂಲೆ ತಿದ್ದಿತು, ಅಳತೆಗೆ ಸರಿಯಾಗಿದೆಯೇ ಎಂದು ಗೇಣು ಹಾಕಿ ನೋಡಿತು. ಆಮೇಲೆ ಕೂಸನ್ನು ಅದರಲ್ಲಿ ಮಲಗಿಸಿ ಬಂತು. ಅಂದಿನಿಂದ ರಾಮುಲುವಿಗೆ ತನ್ನ ಕೈ ಕಂಡರೆ ತನಗೇ ಭಯ. ಈ ಸಲ ಕೂಸು ಗಟ್ಟಿಯಾಗಿ ಉಳಿಯುವವರೆಗೆ ಅದರ ಮುಖ ನೋಡುವುದಿಲ್ಲ, ಮೈ ಮುಟ್ಟುವುದಿಲ್ಲ ಎಂದು ಒಳಗೊಳಗೇ ನಿಶ್ಚಯ ಮಾಡಿಕೊಂಡಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳಲು ಬಾಯಿ ಬರಬೇಕಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬ ಗಾದೆಯನ್ನು ಬಾಲಮಣಿ ಈ ಬಾರಿ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮನೆಯಲ್ಲಿ ಒಂದು ಚಿಂದಿ ಬಟ್ಟೆಯನ್ನೂ ಎತ್ತಿಟ್ಟಿರಲಿಲ್ಲ. ಹೀಗಾಗಿ ಡಾಕ್ಟರು ಇನ್ನೆರಡು ದಿನಕ್ಕೆ ಮನೆಗೆ ಕರೆದುಕೊಂಡು ಹೋಗಿ ಎಂದಾಗ ಎಲ್ಲರಿಗೂ ಕಾಲಿಗೆ ಬೆಂಕಿ ಬಿದ್ದಂತಾಯಿತು. ಚೊಚ್ಚಲ ಕೂಸಿನ ತೊಟ್ಟಿಲು ತವರಿನದು, ಹಾಸಿಗೆ ಗಂಡನ ಮನೆಯದು. ಅದು ಈ ಸೀಮೆಯ ಪದ್ಧತಿ. ಹೋದ ಸಲ ತೊಟ್ಟಿಲು ತರುವ ಪ್ರಸಂಗವೇ ಬರಲಿಲ್ಲವಾದ್ದರಿಂದ ಮೌನಿಕಾಳ ಅಣ್ಣ ನರೇಶ ಈಗ ಓಡೋಡಿ ತಂದ. ಅವನ ಊರು ಝರಾಸಂಗಂ ಕಡೆ, ನೌಕರಿ ಜಹೀರಾಬಾದಿನ ಕಾರ್ಖಾನೆಯಲ್ಲಿ. ಅಲ್ಲಿಯ ಅಂಗಡಿಯಿಂದ ಕಟ್ಟಿಗೆಯ ತೊಟ್ಟಿಲನ್ನು ಟೆಂಪೊದಲ್ಲಿ ಹೇರಿಕೊಂಡು ಬಂದು ಪಡಸಾಲೆಯಲ್ಲಿ ಇಳಿಸಿದ. ತೂಗುವ ತೊಟ್ಟಿಲಲ್ಲ, ನಾಲ್ಕು ಕಾಲಿನ ಮೇಲೆ ನಿಲ್ಲುವಂಥದ್ದು; ನಾಲ್ಕೂ ಕಡೆ ಸರಳು, ಕೆಳಗೆ ಹಲಗೆ. ಹಾಸಿಗೆ ಮಾತ್ರ ಅದರ ಜೊತೆ ಬಂದಿರಲಿಲ್ಲ.

ಹಾಸಿಗೆಯ ವಿಷಯದಲ್ಲಿ ಆಸ್ಪತ್ರೆಯವರು ಜೈಪಾಲನಿಗೆ ಒತ್ತಿ ಒತ್ತಿ ಹೇಳಿ ಕಳಿಸಿದ್ದರು. ಮೆತ್ತನೆಯ ಕೌದಿ ಬೇಡ, ತಲೆದಿಂಬು ಬೇಡ, ಗಟ್ಟಿಯಾದ ಸಮನೆಯ ಗಾದಿ ಬೇಕು, ಅದು ನಾಲ್ಕೂ ಕಡೆ ಸರಳಿಗೆ ತಾಗಿರಬೇಕು. ಸಂದು ಬಿಟ್ಟರೆ ಕೂಸು ಜಾರಿ ಮುಖ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಇಷ್ಟು ಚಿಕ್ಕ ಕೂಸಿಗೆ ಕತ್ತು ಹೊರಳಿಸುವ ಶಕ್ತಿ ಇರುವುದಿಲ್ಲ. ಇದನ್ನು ಕೇಳಿ ಬಾಲಮಣಿ ಎದೆ ಹಿಡಿದುಕೊಂಡು ಕೂತಳು. ರಾಮುಲು ಮಾತ್ರ ಎದ್ದು ನಿಂತ. ಸಂದಿಲ್ಲದಂತೆ ಹಾಸುವ ಕೆಲಸವಲ್ಲವೇ, ಅದನ್ನು ಇಡೀ ಜಿಲ್ಲೆಯಲ್ಲಿ ತನಗಿಂತ ಚೆನ್ನಾಗಿ ಯಾರು ಮಾಡಿಯಾರು ಎಂದ. ಮುಖ ನೋಡುವ ಧೈರ್ಯ ಇಲ್ಲದವನಿಗೆ ಹಾಸಿಗೆ ಅಳೆಯುವ ಧೈರ್ಯ ಬಂದಿತ್ತು. ಪಾಪ, ಅಷ್ಟಾದರೂ ತನ್ನಿಂದ ಆಗಲಿ ಎಂದು.

ಮನೆಯವರನ್ನೆಲ್ಲ ಹೊರಗೆ ಕಳಿಸಿ ಅವನು ತೊಟ್ಟಿಲಿನ ಮುಂದೆ ಮೊಣಕಾಲೂರಿ ಕೂತ. ಬೆಳಗಿನ ಬಿಸಿಲು ಸರಳುಗಳ ನಡುವೆ ನುಗ್ಗಿ ಬರಿಯ ಹಲಗೆಯ ಮೇಲೆ ಪಟ್ಟಿ ಪಟ್ಟಿಯಾಗಿ ಬಿದ್ದಿತ್ತು. ಟೇಪು ಹಿಡಿದು ಅಳೆದ. ದಾರ ಕಟ್ಟಿ ಅಳೆದ. ಮೂಲೆಮಟ್ಟ ಇಟ್ಟು ನೋಡಿದರೆ ಒಂದು ಮೂಲೆ ಕೂದಲೆಳೆಯಷ್ಟು ಓರೆ. ಅದನ್ನು ಕಂಡು ಜಹೀರಾಬಾದಿನ ಬಡಗಿಯ ವಂಶವನ್ನೆಲ್ಲ ನೆನೆದು ಖುಷಿಪಟ್ಟ. ಆಮೇಲೆ ಸುಮ್ಮನೆ, ಏಕೆಂದು ಅವನಿಗೇ ಗೊತ್ತಿಲ್ಲ, ತನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ತೋಳನ್ನು ಹಲಗೆಯ ಮೇಲೆ ಚಾಚಿ ಇಟ್ಟ. ಕೂಸು ಇಷ್ಟೇ ಉದ್ದ ಎಂದು ಬಾಲಮಣಿ ಹೇಳಿದ್ದಳು. ಇಷ್ಟರಲ್ಲಿ ಒಂದು ತಲೆ, ಒಂದು ಹೊಟ್ಟೆ, ಎರಡು ಕಾಲು, ಎಲ್ಲ ಹೇಗೆ ಹಿಡಿದಾವು? ಇಷ್ಟುದ್ದದ ಜೀವ ವಾರಗಟ್ಟಲೆ ಗಾಜಿನೊಳಗೆ ಒಂದೊಂದೇ ಉಸಿರು ಎಳೆದುಕೊಂಡು ಉಳಿದಿದೆಯಲ್ಲ ಎಂದು ಯೋಚಿಸಿ ಅವನ ಮೈಮೇಲೆ ಮುಳ್ಳೆದ್ದವು. ದೊಡ್ಡ ದೊಡ್ಡ ಮಂಟಪಕ್ಕೆ ಕಲ್ಲು ಹಾಸಿದವನು ಆ ಗೇಣಗಲದ ಜಾಗದ ಮುಂದೆ ಬೆರಗಾಗಿ ಎಷ್ಟೋ ಹೊತ್ತು ಕೂತ.

ತಾಂಡೂರಿನಲ್ಲಿ ಗಾದಿ ಅಂಗಡಿ ಇಟ್ಟವಳು ಉಮಾಬಾಯಿ. ಅವಳ ಹತ್ತಿರ ಹೋಗಿ ಅಳತೆ ಒಪ್ಪಿಸಿ, ಗಟ್ಟಿಯಾಗಿ ಅರಳೆ ತುಂಬಬೇಕು, ಒಂದು ಮೂಲೆ ಓರೆ ಇದೆ, ಅದಕ್ಕೆ ಸರಿಯಾಗಿ ಕತ್ತರಿಸಬೇಕು, ಗವಸೂ ಚರ್ಮದ ಹಾಗೆ ಮೈಗಂಟಿರಬೇಕು ಎಂದು ನೂರೆಂಟು ಹೇಳಿದ. ಅವಳು ಎಲ್ಲ ಕೇಳಿಸಿಕೊಂಡು, ಇದು ತೊಟ್ಟಿಲಿನ ಅಳತೆಯೋ ಗಾದಿಯ ಅಳತೆಯೋ ಎಂದು ಒಂದೇ ಒಂದು ಮಾತು ಕೇಳಿದಳು. ರಾಮುಲುವಿನ ಸಿಟ್ಟು ಮೂಗಿನ ತುದಿಗೆ ಬಂತು.

"ನಾ ಟೇಪ್ ಹಿಡದಾಗ ನೀ ಇನ್ನಾ ಹುಟ್ಟಿದ್ದಿಲ್ಲ. ಹೇಳಿದಷ್ಟು ಹೊಲಿ."

ಉಮಾಬಾಯಿ ಹೇಳಿದಷ್ಟೇ ಹೊಲಿದಳು. ಗಿರಾಕಿಯ ಜೊತೆ ವಾದ ಹಾಕಿ ಯಾರು ಉದ್ಧಾರವಾಗಿದ್ದಾರೆ?

ಡಾಕ್ಟರು ಹೇಳಿದ ದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೂಸು ಮನೆಗೆ ಬಂತು. ತೊಗರಿ ಕೊಯ್ಲಿನ ಕಾಲ, ಚಳಿ ಚುರುಕಾಗಿತ್ತು. ಮೌನಿಕಾ ಕೂಸನ್ನು ಬರಿ ಎದೆಗೆ ಕಟ್ಟಿಕೊಂಡು ಮೇಲೆ ಸೆರಗು, ಅದರ ಮೇಲೆ ಶಾಲು ಹೊದ್ದು ಆಟೋದಿಂದ ಇಳಿದಳು. ಹೊರಗಿನವರಿಗೆ ಕೂಸು ಕಾಣುವಂತೆಯೇ ಇರಲಿಲ್ಲ. ಜೊತೆಗೆ ಊರಿನ ಆಶಾ ಕಾರ್ಯಕರ್ತೆ ಧಮ್ಮಶೀಲಾ ಇದ್ದಳು. ಬಾಲಮಣಿಗೆ ನಾಲ್ಕು ದಿನದಿಂದ ನೆಗಡಿ ಕೆಮ್ಮು, ಆದ್ದರಿಂದ ಧಮ್ಮಶೀಲಾ ಅವಳನ್ನು ಅಡುಗೆಮನೆಯ ಹೊಸ್ತಿಲಲ್ಲೇ ತಡೆದಳು. ಪಾಪ, ಅಜ್ಜಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಡುಗೆಮನೆಯಿಂದಲೇ ನೀರಾಜನ ಬೆಳಗಿದ ಹಾಗೆ ಕೈ ಆಡಿಸಿದಳು. ರಾಮುಲು ಆಟೋದ ಸದ್ದು ಕೇಳುತ್ತಲೇ ಹಿತ್ತಲಿಗೆ ಹೋಗಿ, ಸೀಳುವ ಅಗತ್ಯವೇ ಇಲ್ಲದ ಕಟ್ಟಿಗೆ ಸೀಳುತ್ತ ನಿಂತ.

ಧಮ್ಮಶೀಲಾ ಮೊದಲು ಹೋಗಿದ್ದು ತೊಟ್ಟಿಲಿನ ಹತ್ತಿರ. ಬುದ್ಧನ ಪಟದ ಕೆಳಗೆ, ಗಾಳಿ ಬೀಸದ ಮೂಲೆಯಲ್ಲಿ ಇಟ್ಟಿದ್ದರು. ಬಿಳಿ ಗವಸಿನ ಗಾದಿ, ಒಂದು ಸುಕ್ಕಿಲ್ಲ. ನೋಡಿದರೆ ಹಾಲು ಹುಯ್ದು ಹೆಪ್ಪು ಹಾಕಿದ ಹಾಗಿತ್ತು. ಅವಳು ಅದನ್ನು ಒತ್ತಿ ನೋಡಿ ಗಟ್ಟಿ ಇದೆ ಎಂದು ತಲೆದೂಗಿದಳು. ಆಮೇಲೆ ಗಾದಿಯನ್ನು ಒಂದು ಕಡೆಗೆ ಸರಿಸಿ ಇನ್ನೊಂದು ಕಡೆ ಕೈ ಇಳಿಬಿಟ್ಟಳು. ಎರಡು ಬೆರಳು ಸಲೀಸಾಗಿ ಹಲಗೆಯವರೆಗೆ ಇಳಿದವು. ಉದ್ದಕ್ಕೆ ನೋಡಿದಳು, ಅಲ್ಲಿಯೂ ಅಷ್ಟೇ. ಜೈಪಾಲ ಹಿತ್ತಲಿಗೆ ಓಡಿ ಅಪ್ಪನನ್ನು ಕರೆತಂದ.

"ಕಾಕಾ, ಎಲ್ಲಾ ಛಂದ ಅದ. ಖರೇ ಇಲ್ಲಿ ಸಂದು ಉಳದದ ನೋಡ್ರಿ," ಎಂದಳು ಧಮ್ಮಶೀಲಾ. "ಇದ್ರಾಗ ಕೂಸಿಗಿ ಮಲಗಿಸಾಕ ಬರಂಗಿಲ್ಲ."

ರಾಮುಲು ನಂಬಲಿಲ್ಲ. ತಾನೇ ಬೆರಳು ಹಾಕಿ ನೋಡಿದ. ಟೇಪು ತಂದು ತೊಟ್ಟಿಲು ಅಳೆದ, ಗಾದಿ ಅಳೆದ. ಅವನು ಕೊಟ್ಟ ಅಳತೆಗೆ ಉಮಾಬಾಯಿ ಕೂದಲಷ್ಟೂ ತಪ್ಪಿರಲಿಲ್ಲ. ಆಗ ಅವನಿಗೆ ಹೊಳೆಯಿತು. ಕಲ್ಲನ್ನು ಗೋಡೆಗೆ ಆನಿಸಿ ಹಾಸಬಾರದು. ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ಜಾಗ ಸಿಗದಿದ್ದರೆ ಎದ್ದು ನಿಲ್ಲುತ್ತದೆ. ಅದಕ್ಕೇ ಗೋಡೆಗುಂಟ ಒಂದು ಬೆರಳು ಬಿಟ್ಟು ಆಮೇಲೆ ಆ ಸಂದನ್ನು ಕಲ್ಲಿನ ಪಟ್ಟಿಯಿಂದ ಮುಚ್ಚುತ್ತಾರೆ. ಯಾವ ಕೋಣೆ ಅಳೆದರೂ ರಾಮುಲುವಿನ ತಲೆ ತಾನಾಗಿಯೇ ನಾಲ್ಕೂ ಕಡೆ ಒಂದೊಂದು ಬೆರಳು ಕಳೆದುಬಿಡುತ್ತದೆ, ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಮೊಮ್ಮಗಳ ತೊಟ್ಟಿಲಿಗೂ ಹಾಗೇ ಕಳೆದುಬಿಟ್ಟಿತ್ತು. ಅರಳೆಯ ಗಾದಿ ಹಿಗ್ಗುತ್ತದೆಯೇ, ಎದ್ದು ನಿಲ್ಲುತ್ತದೆಯೇ?

ಅವನು ತೊಟ್ಟಿಲಿನ ಪಕ್ಕದಲ್ಲಿ ಕುಸಿದು ಕೂತ. ಒಂದೇ ಒಂದು ಕೆಲಸ ತನ್ನ ಕೈಗೆ ಬಂದಿತ್ತು, ಅದರಲ್ಲೂ ಕೂಸಿಗೆ ಕುತ್ತು ಇಟ್ಟೆನಲ್ಲ ಎಂದು ಅವನಿಗೆ ನಾಚಿಕೆಯೂ ಹೆದರಿಕೆಯೂ ಒಟ್ಟಿಗೆ ಆದವು. ಜೈಪಾಲ ಗಾದಿ ಸುತ್ತಿ ಗಾಡಿಯ ಹಿಂದೆ ಕಟ್ಟಿಕೊಂಡು ತಾಂಡೂರಿಗೆ ಹೊರಟ. ಉಮಾಬಾಯಿಗೆ ಫೋನು ಹಚ್ಚಿದರೆ, ಕಾಕಾನ ಮಾತಿನ ಮೇಲೆ ಅನುಮಾನ ಬಂದು ಒಳಗೆ ಹೆಚ್ಚಿನ ಬಟ್ಟೆ ಮಡಚಿ ಬಿಟ್ಟಿದ್ದೇನೆ, ಬಿಚ್ಚಿ ಅರಳೆ ತುಂಬಿ ದೀಪ ಹಚ್ಚುವುದರೊಳಗೆ ಕೊಡುತ್ತೇನೆ ಎಂದಳಂತೆ.

ಅಲ್ಲಿಯವರೆಗೆ ಕೂಸು ಎಲ್ಲಿ ಮಲಗಬೇಕು? ಇಂಥ ಕೂಸಿಗೆ ಮೈಯ ಶಾಖವೇ ಔಷಧ, ಎದೆಯ ಮೇಲೆ ಇರಬೇಕು ಎಂದಳು ಧಮ್ಮಶೀಲಾ. ಆದರೆ ಮೌನಿಕಾ ನಿಂತಲ್ಲೇ ತೂಗಾಡುತ್ತಿದ್ದಳು. ವಾರಗಟ್ಟಲೆ ಕೂತೇ ನಿದ್ದೆ ಮಾಡಿದ ಜೀವ, ಒಂದು ತುತ್ತು ಉಂಡು ಅಡ್ಡವಾಗದಿದ್ದರೆ ಹಾಲೂ ಬತ್ತೀತು. ಅಜ್ಜಿಗೆ ಕೆಮ್ಮು. ಜೈಪಾಲ ದಾರಿಯ ಮೇಲೆ. ಮನೆ ಮನೆ ತಿರುಗಿ ಬಂದವಳು ತಾನು, ತಾನು ಹಿಡಿಯುವುದು ಸರಿಯಲ್ಲ ಎಂದು ಹೇಳಿ ಧಮ್ಮಶೀಲಾ ರಾಮುಲುವಿನ ಕಡೆ ತಿರುಗಿದಳು. ಅಜ್ಜನ ಎದೆಯೂ ಎದೆಯೇ, ಜಳಕ ಮಾಡಿ ಬನ್ನಿ ಎಂದಳು.

ರಾಮುಲು ಹಿಂದಕ್ಕೆ ಸರಿದು ಗೋಡೆಗೆ ತಾಗಿ ನಿಂತ. ತನ್ನ ಕೈಗೆ ಕೊಡಬೇಡಿ ಎಂದ. ಏಕೆ ಎಂದು ಕೇಳಿದಾಗ ಎರಡೂ ಅಂಗೈಗಳನ್ನು ಮುಂದೆ ಹಿಡಿದ. ಗೆರೆಗಳಲ್ಲೆಲ್ಲ ಕಲ್ಲಿನ ಪುಡಿ ಕೂತು ನೀಲಿಯಾಗಿದ್ದವು.

"ಈ ಕೈಲೇ ಅವನಿಗಿ ಮಣ್ಣಾಗ ಇಟ್ಟ್ ಬಂದೀನಿ. ಇಕಿಗಿ ಹ್ಯಾಂಗ ಹಿಡೀಲಿ?"

ಅಡುಗೆಮನೆಯಲ್ಲಿ ಬಾಲಮಣಿಯ ಕೆಮ್ಮು ನಿಂತಿತು. ಮಣ್ಣು ಮಾಡಿದ ಆ ದಿನ ಬಿಟ್ಟರೆ ಆ ಕೂಸಿನ ಮಾತು ಆ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ, ಎತ್ತಿದರೆ ಮೌನಿಕಾ ಒಡೆದು ಹೋದಾಳು ಎಂದು ಎಲ್ಲರೂ ತುಟಿ ಹೊಲಿದುಕೊಂಡಿದ್ದರು. ಮೌನಿಕಾ ಒಡೆಯಲಿಲ್ಲ. ಎದೆಯ ಮೇಲಿನ ಶಾಲನ್ನು ಸರಿಮಾಡಿಕೊಂಡು ಮಾವನ ಹತ್ತಿರ ಬಂದಳು.

"ಮಾವಾ, ನನಗ ಅವನ ಮಾರಿ ಸುದಾ ತೋರಸ್ಲಿಲ್ಲ. ಕಡೀಕ ಅವನಿಗಿ ಹಿಡದಾವ್ರು ನೀವೊಬ್ಬರೇ," ಎಂದಳು. "ಕುಣಿ ಮಟ್ಟ ಮಾಡಿ ಮಲಗಿಸ್ಯಾರಂತ ಅವತ್ತ ಅತ್ತಿ ಹೇಳಿದ್ರು. ಅದ್ನ ನೆನಸ್ಕೋಂತೇ ನಾ ಬದಕೀನಿ. ಇಕಿಗೂ ಹಿಡೀರಿ."

ರಾಮುಲು ಸೊಸೆಯ ಮುಖ ನೋಡಿದ. ಯಾವ ಕೈಯನ್ನು ಅವನು ಇಷ್ಟು ದಿನ ಪಾಪದ ಕೈ ಎಂದು ಬಚ್ಚಿಟ್ಟುಕೊಂಡಿದ್ದನೋ ಅದನ್ನು ಹಿಡಿದುಕೊಂಡೇ ಇವಳು ಬದುಕಿದ್ದಳು. ಗೋಡೆ ಬಿಟ್ಟು ಸೀದಾ ಬಚ್ಚಲಿಗೆ ಹೋದ.

ಬಿಸಿನೀರಲ್ಲಿ ಮಿಂದ. ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿದ. ಉಗುರು ಕತ್ತರಿಸಿಕೊಂಡ. ಧಮ್ಮಶೀಲಾ ಪೊಲೀಸಿನವಳ ಹಾಗೆ ಬಾಗಿಲಲ್ಲಿ ನಿಂತು ಇನ್ನೊಮ್ಮೆ ತೊಳೀರಿ ಎಂದರೆ ಎದುರಾಡದೆ ಇನ್ನೊಮ್ಮೆ ತೊಳೆದ. ಊರಿಗೆಲ್ಲ ತಪ್ಪು ಹುಡುಕುವವನು ಆ ಹೊತ್ತು ಹೇಳಿದ ಮಾತು ಕೇಳುವ ಶಾಲೆ ಹುಡುಗನಾಗಿದ್ದ. ಅಂಗಿ ಇಲ್ಲದೆ ಗೋಡೆಗೆ ಒರಗಿಸಿ ಕೂರಿಸಿದರು. ಮೌನಿಕಾ ತನ್ನ ಎದೆಯಿಂದ ಕೂಸನ್ನು ಬಿಡಿಸಿ ಅವನ ಎದೆಯ ನಡುವೆ ಬೋರಲಾಗಿ ಇಟ್ಟಳು. ತಲೆ ಒಂದು ಕಡೆಗೆ ಹೊರಳಿಸಿ, ಕಾಲು ಕಪ್ಪೆಯ ಹಾಗೆ ಮಡಚಿ, ಹಳೆಯ ಸೀರೆಯ ತುಂಡಿನಿಂದ ಇಬ್ಬರನ್ನೂ ಸೇರಿಸಿ ಕಟ್ಟಿದಳು. ಮೇಲೆ ಶಾಲು ಹೊದಿಸಿ ಉಣ್ಣಲು ಹೋದಳು.

ರಾಮುಲು ಕಣ್ಣು ಮುಚ್ಚಿಕೊಂಡೇ ಇದ್ದ. ಮೊದಲು ಏನೂ ಗೊತ್ತಾಗಲಿಲ್ಲ, ಅಷ್ಟು ಹಗುರ. ಆಮೇಲೆ ಒಂದು ಸಣ್ಣ ಬಿಸಿ. ಆ ಬಿಸಿಯೊಳಗೆ ಟಿಕಿಟಿಕಿ ಟಿಕಿಟಿಕಿ ಎಂದು ಏನೋ ಓಡುತ್ತಿತ್ತು. ಎಲಾ ಇದರ, ಗುಂಡಿಗೆ! ಹೆಬ್ಬೆರಳಿನಷ್ಟೂ ಇರಲಾರದ ಗುಂಡಿಗೆ ತನ್ನ ಮುದಿ ಗುಂಡಿಗೆಗಿಂತ ಎರಡರಷ್ಟು ಜೋರಾಗಿ ದುಡಿಯುತ್ತಿತ್ತು, ಯಾರ ಹೊಗಳಿಕೆಯೂ ಬೇಡವೆಂಬಂತೆ. ನಡುವೆ ಉಸಿರು ಒಂದು ಕ್ಷಣ ತಡೆದ ಹಾಗಾಯಿತು, ಅವನ ಜೀವ ಬಾಯಿಗೆ ಬಂತು. ಮತ್ತೆ ಬಂತು ಉಸಿರು, ಬೆಚ್ಚಗೆ, ಅವನ ಎದೆಯ ಕೂದಲನ್ನು ಸರಿಸುತ್ತ. ಆಗ ಅವನು ಕಣ್ಣು ತೆರೆದು ಮೊದಲ ಸಲ ಮೊಮ್ಮಗಳನ್ನು ನೋಡಿದ.

ಕಂಡದ್ದು ಎಷ್ಟು? ಒಂದು ಕಿವಿ, ಒಂದು ಕೆನ್ನೆ, ಹೆಸರುಕಾಳಿನಂಥ ಮೂಗಿನ ಹೊಳ್ಳೆ. ಕಿವಿಯ ಸುರುಳಿಯಲ್ಲಿ ಬಂಗಾರದ ಬಣ್ಣದ ರೋಮ. ಒಂದು ಮುಷ್ಟಿ ಹೊರಗೆ ಬಂದಿತ್ತು, ಅದರ ಬೆರಳುಗಳಿಗೂ ಉಗುರುಗಳಿದ್ದವು, ಉಗುರಿಗೂ ಸರಿಯಾದ ಅಂಚಿತ್ತು. ಯಾರು ಕೂತು ಇದನ್ನೆಲ್ಲ ಮಾಡಿದರು, ಯಾವ ಬೆಳಕಿನಲ್ಲಿ ಮಾಡಿದರು ಎಂದು ರಾಮುಲು ಕೇಳಿಕೊಂಡ. ಜನ್ಮದಲ್ಲಿ ಇನ್ನೊಬ್ಬರ ಕೆಲಸ ನೋಡಿ ಸೈ ಅನ್ನದವನು ಆ ಕಿವಿಯೊಂದನ್ನು ನೋಡುತ್ತ ಮನಸ್ಸಿನಲ್ಲೇ ಕೈ ಮುಗಿದ. ಕೂಸು ಅವನ ಎದೆಗೂದಲನ್ನು ಹಿಡಿದು ಜಗ್ಗಿತು. ನೋವಾಯಿತು. ಅಲುಗಾಡಲಿಲ್ಲ.

ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. ಕೆಲಸದ ಮೇಸ್ತ್ರಿಯ ಫೋನು ಬಡಿದುಕೊಂಡಿತು, ಅಡುಗೆಮನೆಯಲ್ಲಿಟ್ಟಿದ್ದ ಅದರ ಬಾಯಿಯನ್ನು ಬಾಲಮಣಿ ಅಲ್ಲೇ ಮುಚ್ಚಿಸಿದಳು. ಧಮ್ಮಶೀಲಾ ಬಂದು ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ಬರೋಬ್ಬರಿ ಅದ ಕಾಕಾ ಎಂದಾಗ ಮಾತ್ರ ಅವನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಕೂಸು ಎದ್ದೀತೆಂದು ಹಾಗೇ ಬಿಟ್ಟ.

ಹೊರಗೆ ಕತ್ತಲಾಗುವ ಹೊತ್ತಿಗೆ ಜೈಪಾಲ ಗಾದಿ ತಂದ. ತೊಟ್ಟಿಲಿಗೆ ಇಳಿಸುವಾಗ ಮೂಲೆಗಳನ್ನು ಒತ್ತಿ ಒತ್ತಿ ಕೂರಿಸಬೇಕಾಯಿತು. ಧಮ್ಮಶೀಲಾ ನಾಲ್ಕೂ ಕಡೆ ಬೆರಳು ತೂರಿಸಲು ನೋಡಿದಳು, ಉಗುರೂ ಇಳಿಯಲಿಲ್ಲ. ಈಗ ಕೂಸನ್ನು ಮಲಗಿಸಬಹುದು ಎಂದಳು. ಹೊಟ್ಟೆಗೆ ಬಿದ್ದು ಕಣ್ಣಿಗೆ ನಿದ್ದೆ ಹತ್ತಿ ಎದ್ದಿದ್ದ ಮೌನಿಕಾ ಸೀರೆಯ ಗಂಟು ಬಿಚ್ಚಿದಳು. ಕೂಸನ್ನು ಮಾತ್ರ ತಾನು ಎತ್ತಿಕೊಳ್ಳಲಿಲ್ಲ, ಮಾವನೇ ಮಲಗಿಸಲಿ ಎಂದು ಪಕ್ಕಕ್ಕೆ ಸರಿದಳು.

ರಾಮುಲು ಒಂದು ಅಂಗೈಯನ್ನು ತಲೆಯ ಕೆಳಗೆ, ಇನ್ನೊಂದನ್ನು ಬೆನ್ನಿನ ಕೆಳಗೆ ಕೊಟ್ಟು ಎದ್ದ. ತೊಟ್ಟಿಲಿನ ಮೇಲೆ ಬಗ್ಗಿದ. ಇಳಿಸುತ್ತ ಇಳಿಸುತ್ತ ಅವನ ಕೈಗೆ ಹೊಲದ ಬದುವಿನ ಅದೇ ಬಗ್ಗುವಿಕೆ, ಅದೇ ಭಾರ ಗುರುತು ಸಿಕ್ಕಿತು. ಕೂಸನ್ನು ಗಾದಿಯ ಮೇಲೆ ಅಂಗಾತ ಮಲಗಿಸಿ ಕೈಗಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದ. ಕೂಸು ಸುಮ್ಮನೆ ಬಿದ್ದಿತ್ತು. ಆ ಸುಮ್ಮನಿರುವುದು ಅವನಿಗೆ ಗೊತ್ತಿದ್ದದ್ದೇ, ಅವನು ಸರಳು ಹಿಡಿದು ಹಲ್ಲು ಕಚ್ಚಿದ.

ಕೂಸಿನ ಹುಬ್ಬು ಗಂಟಾಯಿತು. ಮುಖ ಕೆಂಪಾಯಿತು. ಬಾಯಿ ಅಷ್ಟಗಲ ತೆರೆಯಿತು. ಮತ್ತೆ ಎಂಥ ಅಳು ಅಂತೀರಿ! ಆಸ್ಪತ್ರೆಯಲ್ಲಿ ಬೆಕ್ಕಿನ ಮರಿಯ ಹಾಗೆ ಮಿಯಾಂ ಅನ್ನುತ್ತಿದ್ದದ್ದು ಈಗ ಬೆಚ್ಚಗಿನ ಎದೆ ಬಿಡಿಸಿದ ಸಿಟ್ಟಿಗೆ ಮನೆಯ ತಗಡು ಹಾರಿಹೋಗುವಂತೆ ಅತ್ತಿತು. ಬಾಲಮಣಿ ಹೊಸ್ತಿಲವರೆಗೆ ಓಡಿ ಬಂದಳು. ಜೈಪಾಲ ಗಾಬರಿಯಾದ. ಮೌನಿಕಾ ಎತ್ತಿಕೊಳ್ಳಲು ಬಗ್ಗಿದಳು. ರಾಮುಲು ಅವಳ ಮುಂದೆ ಕೈ ಅಡ್ಡ ಹಿಡಿದ. ಅವನ ಮುಖವೆಲ್ಲ ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

"ಜರಾ ತಡೀ ಯವ್ವಾ. ಅಳ್ಲಿ. ನನಗ ಒಂದೀಟು ಕೇಳಾಕ ಬಿಡು."

ಮೌನಿಕಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಕೂಸು ಅಳುತ್ತಿತ್ತು, ಮನೆಯವರೆಲ್ಲ ಸುತ್ತ ನಿಂತು ಕೇಳಿದರು.